ಪದ ಪರಿಚಯ: ಅತಿಕ್ರಮ ಪ್ರವೇಶ

ಕಳೆದ ವಾರ ಓದಿದ ಸುದ್ದಿಯೊಂದರ ತಲೆಬರಹದಲ್ಲಿ "ಒತ್ತುವರಿ ಪ್ರಕರಣ" ಎಂದಿತ್ತು. ಎರಡನೆಯ ಸಾಲಿನಲ್ಲಿ ಅದು "ಅಕ್ರಮ ಪ್ರವೇಶ" ಆಯಿತು. ಕೊನೆಯ ಸಾಲಿನಲ್ಲಿ, ಆರೋಪಿ ಖುಲಾಸೆಯಾದ್ದರಿಂದ ಜಾಗ ಆತನದೇ ಎಂದು ಸಾಬೀತಾಯಿತು ಎಂಬ ತೀರ್ಮಾನ. ನಡೆದದ್ದು ಇಷ್ಟೇ: ಒಬ್ಬ ಪಕ್ಕದ ಮನೆಯ ಅಂಗಳಕ್ಕೆ ನುಗ್ಗಿ ಬೈದಿದ್ದ, ಕಾನೂನಿನ ಮಾತಿನಲ್ಲಿ ಅತಿಕ್ರಮ ಪ್ರವೇಶ. ಕೇಸು ತಾಲ್ಲೂಕಿನ ಪ್ರಥಮ ದರ್ಜೆ ದಂಡಾಧಿಕಾರಿಯ (ಜೆಎಂಎಫ್‌ಸಿ) ನ್ಯಾಯಾಲಯಕ್ಕೆ ಹೋಗಿ, ಅಲ್ಲಿ ರಾಜಿಯಾಗಿತ್ತು. ಜಾಗ ಯಾರದೆಂದು ಯಾರೂ ಕೇಳಿರಲಿಲ್ಲ, ನ್ಯಾಯಾಧೀಶರು ಹೇಳಿಯೂ ಇರಲಿಲ್ಲ. ಇಂಥ ಬರಹ ಮೊದಲಿನದೇನಲ್ಲ. ಅದನ್ನು ಓದಿದವರು ನಾಳೆ ತಮ್ಮ ಬೇಲಿಯ ಜಗಳಕ್ಕೂ ಅದೇ ಲೆಕ್ಕ ಹಾಕುತ್ತಾರೆ ಎಂಬುದೇ ನನ್ನ ಚಿಂತೆ.

ಮೊದಲು "ಅಕ್ರಮ" ಮತ್ತು "ಅತಿಕ್ರಮ". ಒಂದೇ ಅಕ್ಷರದ ವ್ಯತ್ಯಾಸವೆಂದು ಎರಡನ್ನೂ ಅದಲುಬದಲು ಮಾಡುವ ರೂಢಿ ಬೆಳೆದುಬಿಟ್ಟಿದೆ. ಸಂಸ್ಕೃತದ "ಕ್ರಮ್" ಧಾತುವಿಗೆ ಹೆಜ್ಜೆಯಿಡು ಎಂದರ್ಥ. ಮೂರು ಹೆಜ್ಜೆಯವನು ತ್ರಿವಿಕ್ರಮ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ಕಾಲಿಡುವುದು ಸಂಕ್ರಮಣ. ಮೇಲೆಯೇ ಕಾಲಿಟ್ಟರೆ ಆಕ್ರಮಣ. ಗೆರೆ ದಾಟಿ ಆಚೆಗೆ ಕಾಲಿಟ್ಟರೆ ಅತಿಕ್ರಮಣ. ಒಂದರ ಹಿಂದೆ ಒಂದು ಹೆಜ್ಜೆ ಬೀಳುವುದರಿಂದ ಕ್ರಮಕ್ಕೆ ವ್ಯವಸ್ಥೆ, ನಿಯಮ ಎಂಬ ಅರ್ಥ ಬಂತು. ಆ ನಿಯಮ ಇಲ್ಲದ್ದು ಅಕ್ರಮ. ಹಾಗಾಗಿ ಅಕ್ರಮ ಮರಳು ಸಾಗಣೆ ಸರಿ, ಅಕ್ರಮ-ಸಕ್ರಮ ಸರಿ. ಅಲ್ಲೆಲ್ಲ ಪರವಾನಗಿಯ ಪ್ರಶ್ನೆಯಿದೆ. ಅತಿಕ್ರಮದಲ್ಲಿ ಒಂದು ಗೆರೆಯಿದೆ, ಅದರ ಆಚೆ ಇನ್ನೊಬ್ಬ ಮನುಷ್ಯನಿದ್ದಾನೆ. ಅಕ್ರಮ ಎಂದು ಬರೆದ ಕೂಡಲೇ ಆ ಗೆರೆಯೂ ಮನುಷ್ಯನೂ ಮಾಯವಾಗಿ, ಯಾವುದೋ ಇಲಾಖೆಯ ಅನುಮತಿ ಇಲ್ಲದೆ ಹೋದಂತೆ ಕೇಳಿಸುತ್ತದೆ. ಈ ಅಪರಾಧದ ತಿರುಳಿರುವುದೇ ಆಚೆಯಿರುವ ಆ ಮನುಷ್ಯನಲ್ಲಿ.

ಕಾನೂನು ಹೇಳುವುದೂ ಅದನ್ನೇ. 1860ರ ಭಾರತೀಯ ದಂಡ ಸಂಹಿತೆಯ 441ನೇ ಕಲಮಿನಲ್ಲಿದ್ದ ವ್ಯಾಖ್ಯೆ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನಲ್ಲಿದೆ. ಅದರ ಪ್ರಕಾರ ಅತಿಕ್ರಮ ಪ್ರವೇಶ ಎನಿಸಲು ಇನ್ನೊಬ್ಬರ ಸ್ವಾಧೀನದಲ್ಲಿರುವ ಸ್ವತ್ತಿಗೆ ಪ್ರವೇಶಿಸಿರಬೇಕು. ಅಪರಾಧ ಮಾಡುವ, ಇಲ್ಲವೇ ಸ್ವಾಧೀನದಲ್ಲಿರುವವರನ್ನು ಹೆದರಿಸುವ, ಅವಮಾನಿಸುವ, ಕಿರಿಕಿರಿಪಡಿಸುವ ಉದ್ದೇಶ ಇರಬೇಕು. ಸರಿಯಾಗಿಯೇ ಒಳಗೆ ಬಂದವನು ಅಂಥ ಉದ್ದೇಶದಿಂದ ಹೊರಡದೆ ನಿಂತರೂ ಅತಿಕ್ರಮವೇ. ಆ ಜಾಗ ಜನ ವಾಸಿಸುವ ಕಟ್ಟಡ, ಡೇರೆ ಅಥವಾ ಹಡಗು, ಪೂಜಾಸ್ಥಳ ಅಥವಾ ಸಾಮಾನು ಕಾಯ್ದಿಡುವ ಕಟ್ಟಡವಾಗಿದ್ದರೆ ಅದು ಮನೆ ಅತಿಕ್ರಮ ಪ್ರವೇಶ. ಅದಕ್ಕೆ ಇಡೀ ದೇಹ ಒಳಗೆ ಹೋಗಬೇಕಿಲ್ಲ, ಕಿಟಕಿಯೊಳಗೆ ಕೈ ಹಾಕಿದರೂ ಸಾಕು.

ಗಮನಿಸಿ, ವ್ಯಾಖ್ಯೆಯಲ್ಲಿ ಇರುವುದು "ಸ್ವಾಧೀನ". ಮಾಲೀಕತ್ವದ ಮಾತೇ ಇಲ್ಲ. ಬಾಡಿಗೆ ಬಾಕಿಯಿದೆಯೆಂದು ಮಾಲೀಕ ಬಾಡಿಗೆದಾರನ ಮನೆಗೆ ನುಗ್ಗಿ ಹೆದರಿಸಿದರೆ, ತನ್ನ ಹೆಸರಿನಲ್ಲೇ ಖಾತೆಯಿರುವ ಮನೆಗೆ ಅವನು ಅತಿಕ್ರಮ ಪ್ರವೇಶ ಮಾಡಿದಂತಾಗಬಹುದು. ಹೀಗೆಂದಾಗ ಎಷ್ಟೋ ಮಂದಿ ನಂಬುವುದಿಲ್ಲ. "ನನ್ನ ಮನೆಗೆ ನಾನು ಹೋದರೆ ತಪ್ಪೇನು?" ಎನ್ನುತ್ತಾರೆ. ಬಾಡಿಗೆಗೆ ಕೊಟ್ಟ ದಿನವೇ ಹೊಸ್ತಿಲ ಗೆರೆ ಬಾಡಿಗೆದಾರನದಾಗಿದೆ. ದಾಟಿದ್ದು ಆ ಗೆರೆಯನ್ನು.

ಉದ್ದೇಶದ ಮಾತೂ ಅಷ್ಟೇ ಮುಖ್ಯ. ಮತ್ರಿ ವಿರುದ್ಧ ಪಂಜಾಬ್ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಇದನ್ನು ಬಿಡಿಸಿ ಹೇಳಿದೆ: ತಾನು ಹೋದರೆ ಅವರಿಗೆ ಕಿರಿಕಿರಿಯಾಗುತ್ತದೆಂದು ಗೊತ್ತಿದ್ದರಷ್ಟೇ ಸಾಲದು, ಕಿರಿಕಿರಿ ಮಾಡುವುದೇ ಪ್ರವೇಶದ ಗುರಿಯಾಗಿರಬೇಕು. ಬದುವಿನ ಮೇಲೆ ಹಕ್ಕಿದೆ ಎಂದು ಪ್ರಾಮಾಣಿಕವಾಗಿ ನಂಬಿ ಉಳಲು ಹೋದವನ ಮೇಲಿನ ಕೇಸು ನಿಲ್ಲದೆ ಹೋಗುವುದು ಬಹಳ ಸಲ ಇಲ್ಲಿಯೇ.

"ಒತ್ತುವರಿ" ಇಲ್ಲಿಯೇ ಬೇರೆಯಾಗುತ್ತದೆ. ಒತ್ತುವುದು ಎಂದರೆ ಸ್ವಲ್ಪಸ್ವಲ್ಪವಾಗಿ ತಳ್ಳಿ ಜಾಗ ಮಾಡಿಕೊಳ್ಳುವುದು: ಬೇಲಿ ಎರಡು ಅಡಿ ಸರಿಯಿತು, ಕೆರೆಯಂಗಳಕ್ಕೆ ಗೋಡೆ ಬಂತು. ಇದು ನೆಲದ ವಿಚಾರ, ಅಳತೆಯ ವಿಚಾರ. ಸರ್ಕಾರಿ ಜಾಗವಾದರೆ ಸರ್ವೆ ಮಾಡಿಸಿ ತೆರವು ಮಾಡಿಸುವ ದಾರಿ ಕಂದಾಯ ಕಾನೂನಿನಲ್ಲಿದೆ. ಸರ್ಕಾರ, ಸ್ಥಳೀಯ ಸಂಸ್ಥೆ, ವಕ್ಫ್, ಮುಜರಾಯಿ ಜಮೀನು ಕಬಳಿಸಿದವರಿಗೆ 2011ರ ಕರ್ನಾಟಕ ಭೂ ಕಬಳಿಕೆ ನಿಷೇಧ ಕಾಯ್ದೆಯಡಿ ವಿಶೇಷ ನ್ಯಾಯಾಲಯವೇ ಇದೆ. ಅತಿಕ್ರಮ ಪ್ರವೇಶ ಐದು ನಿಮಿಷದಲ್ಲಿ ಮುಗಿದುಹೋಗುವ ಕೃತ್ಯವಿರಬಹುದು. ಒಂದಂಗುಲ ನೆಲವೂ ಕೈಬದಲಾಗಬೇಕಿಲ್ಲ.

ಶಿಕ್ಷೆ ದೊಡ್ಡದಲ್ಲ. ಸಾದಾ ಅತಿಕ್ರಮಕ್ಕೆ ಮೂರು ತಿಂಗಳವರೆಗೆ, ಮನೆ ಅತಿಕ್ರಮಕ್ಕೆ ಒಂದು ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಹಳೆಯ ಸಂಹಿತೆಯಲ್ಲಿ ಕ್ರಮವಾಗಿ 500 ಮತ್ತು 1,000 ರೂಪಾಯಿ ಇದ್ದ ದಂಡದ ಮಿತಿ ಈಗ ಎರಡಕ್ಕೂ 5,000 ರೂಪಾಯಿ. ಪೊಲೀಸರು ನ್ಯಾಯಾಲಯದ ಅಪ್ಪಣೆಯಿಲ್ಲದೆ ಕೇಸು ದಾಖಲಿಸಬಹುದು, ಜಾಮೀನು ಆರೋಪಿಯ ಹಕ್ಕು. ತನಿಖೆಯಲ್ಲಿ ಏನೂ ಸಿಗದಿದ್ದರೆ ಕೇಸು ಮುಗಿಸಲು ಕೋರುವ ಬಿ ರಿಪೋರ್ಟ್ ಹೋಗುತ್ತದೆ, ಅದಕ್ಕೆ ಫಿರ್ಯಾದಿ, ಅಂದರೆ ದೂರು ಕೊಟ್ಟವರು, ಆಕ್ಷೇಪಣೆ ಸಲ್ಲಿಸಬಹುದು. ಸಿಕ್ಕರೆ ದೋಷಾರೋಪಣಾ ಪಟ್ಟಿ, ಆಮೇಲೆ ವಾಯಿದೆಗಳು.

ಕೇಸು ಮುಗಿಯುವ ಬಗೆಗಳ ಹೆಸರುಗಳನ್ನು ಜನ ಇನ್ನಷ್ಟು ಕಲಸಿಬಿಟ್ಟಿದ್ದಾರೆ. "ದಂಡ ಕಟ್ಟಿ ಕೇಸು ಮುಗಿಸಿಕೊಂಡೆ" ಎನ್ನುವವನು ತಪ್ಪೊಪ್ಪಿಕೊಂಡಿದ್ದಾನೆ, ಅವನು ಅಪರಾಧಿಯೆಂದು ದಾಖಲಾಗಿದ್ದಾನೆ. ದಂಡದ ರಸೀದಿ ಹಿಡಿದು ಗೆದ್ದೆನೆಂದುಕೊಂಡ ಹುಡುಗರಿಗೆ ನೌಕರಿಯ ಅರ್ಜಿ ತುಂಬುವಾಗ ಅದು ಅರ್ಥವಾಗುವುದನ್ನು ಕಂಡು ನಾನು ಮರುಗಿದ್ದೇನೆ. "ಕೇಸು ವಾಪಸ್ ತೆಗೆದುಕೊಂಡರು" ಎಂಬುದೂ ಸಡಿಲ ಮಾತು. ಪೊಲೀಸ್ ಕೇಸಿನಲ್ಲಿ ವಾದಿ ಸರ್ಕಾರ. ಸರ್ಕಾರಿ ಅಭಿಯೋಜಕರು ನ್ಯಾಯಾಲಯದ ಸಮ್ಮತಿ ಪಡೆದು ಹಿಂದೆ ಸರಿಯಬಹುದೇ ಹೊರತು ಫಿರ್ಯಾದಿಯಲ್ಲ. ಫಿರ್ಯಾದಿಯ ಕೈಲಿರುವುದು ರಾಜಿ.

"ರಾಜಿ" ಅರಬ್ಬೀ ಮೂಲದ ಮಾತು, ಒಪ್ಪಿದವನು, ತೃಪ್ತನಾದವನು ಎಂದರ್ಥ. ರಾಜಿಯ ಪತ್ರ ರಾಜೀನಾಮೆ. ಮುಂಬೈ ಪ್ರಾಂತ್ಯದ ಕಂದಾಯ ಕಾಗದಗಳಲ್ಲಿ ಅದು ಜಮೀನು ಬಿಟ್ಟುಕೊಡುವ ಪತ್ರವಾಗಿತ್ತು, ಇಂದು ಹುದ್ದೆ ಬಿಡುವ ಪತ್ರ. ನ್ಯಾಯಾಲಯದಲ್ಲಿ ಮಾತ್ರ ರಾಜಿ ತನ್ನ ಹಳೆಯ ಅರ್ಥವನ್ನು ಉಳಿಸಿಕೊಂಡಿದೆ. ಕ್ರಿಮಿನಲ್ ಕೇಸು ನಡೆಸುವ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಮಿನ ಪ್ರಕಾರ ಸಾದಾ ಅತಿಕ್ರಮ, ಮನೆ ಅತಿಕ್ರಮ ಎರಡನ್ನೂ ರಾಜಿ ಮಾಡಿಕೊಳ್ಳಬಹುದು. ಯಾರು? ಸ್ವತ್ತನ್ನು ಸ್ವಾಧೀನದಲ್ಲಿಟ್ಟುಕೊಂಡವರು. ಗೆರೆ ಯಾರದೋ, ಕ್ಷಮಿಸುವ ಅಧಿಕಾರವೂ ಅವರದೇ. ಬಾಡಿಗೆದಾರನ ಮನೆಗೆ ಹೊರಗಿನವನು ನುಗ್ಗಿದ್ದರೆ, ಮಾಲೀಕ ಬಂದು ಸಹಿ ಹಾಕಿದರೆ ರಾಜಿಯಾಗುವುದಿಲ್ಲ, ಬಾಡಿಗೆದಾರ ಬರಬೇಕು. ಲೋಕ ಅದಾಲತ್‌ನಲ್ಲಿ ಈ ಪ್ರಕರಣಗಳು ಮುಗಿಯುವುದೂ ಇದೇ ಕಲಮಿನ ಬಲದಿಂದ.

ಆದರೆ ಅತಿಕ್ರಮದ ಕಲಮು ಒಂಟಿಯಾಗಿ ಬರುವುದು ಕಡಿಮೆ. ಬೈಗುಳ, ಸಣ್ಣ ಗಾಯ, ಅಡ್ಡಗಟ್ಟಿದ್ದು ಜೊತೆಗಿದ್ದರೆ ಅವೂ ರಾಜಿಯಾಗುತ್ತವೆ. ಹೊಡೆಯಲು ಸಿದ್ಧನಾಗಿಯೇ ಮನೆಗೆ ನುಗ್ಗಿದ್ದಾನೆಂದು ನ್ಯಾಯ ಸಂಹಿತೆಯ 333ನೇ ಕಲಮು ಹಾಕಿದ್ದರೆ ಆಗುವುದಿಲ್ಲ. ಐದು ಅಥವಾ ಹೆಚ್ಚು ಮಂದಿ ಕೂಡಿ ಬಂದಿದ್ದರೆಂದು ಅಕ್ರಮ ಕೂಟದ ಆರೋಪ ಸೇರಿದ್ದರೂ ಅಷ್ಟೇ. "ಅಕ್ರಮ" ಎಂಬ ಪದಕ್ಕೆ ಈ ಪ್ರಕರಣಗಳಲ್ಲಿ ನ್ಯಾಯವಾದ ಜಾಗ ಸಿಗುವುದು ಇಂಥ ಕಡೆ. ಅಂಥ ಆರೋಪವನ್ನು ರಾಜಿಯ ಆಧಾರದ ಮೇಲೆ ಕೈಬಿಡಬೇಕಾದರೆ ಹೈಕೋರ್ಟಿನಲ್ಲಿ ರದ್ದತಿಗೆ ಅರ್ಜಿ ಹಾಕಬೇಕಾಗುತ್ತದೆ. ತಾಲ್ಲೂಕಿನಲ್ಲಿ ಕೈಕುಲುಕಿದವರು ಆಮೇಲೆ ಹೈಕೋರ್ಟಿಗೆ ಅಲೆಯುವುದು ಇದೇ ಕಾರಣಕ್ಕೆ.

ರಾಜಿಯ ಫಲ ಖುಲಾಸೆ. ಕಾನೂನಿನಲ್ಲೇ ಹಾಗೆ ಬರೆದಿದೆ. ಈ "ಖುಲಾಸೆ"ಯೂ ಅರಬ್ಬಿಯಿಂದ ಬಂದದ್ದು, ಮೂಲದಲ್ಲಿ ಸಾರ, ಸೋಸಿ ತೆಗೆದದ್ದು. ಹಿಂದಿ, ಮರಾಠಿಗಳಲ್ಲಿ ಅದು ಸ್ಪಷ್ಟೀಕರಣವಾಯಿತು, ಕನ್ನಡದಲ್ಲಿ ಆರೋಪದಿಂದ ಬಿಡುಗಡೆಯಾಯಿತು. ಸಾಕ್ಷಿಗಳು ತಿರುಗಿಬಿದ್ದರೂ ಖುಲಾಸೆ, ಉದ್ದೇಶ ಸಾಬೀತಾಗದಿದ್ದರೂ ಖುಲಾಸೆ, ರಾಜಿಯಾದರೂ ಖುಲಾಸೆ. ಮೂರರಲ್ಲೂ ನ್ಯಾಯಾಲಯ ಹೇಳಿದ್ದು ಒಂದೇ, ಈ ಆರೋಪಕ್ಕೆ ಈತನನ್ನು ಶಿಕ್ಷಿಸುವುದಿಲ್ಲ ಎಂದು. ಜಾಗದ ಹಕ್ಕು ಯಾರದು, ಅದರ ಗಡಿ ಎಲ್ಲಿ ಎಂಬುದು ಸಿವಿಲ್ ನ್ಯಾಯಾಲಯದ ಪ್ರಶ್ನೆ.

ಇದನ್ನು ತಿಳಿಯದೆ ನಿಜಕ್ಕೂ ಕಳೆದುಕೊಳ್ಳುವವರಿದ್ದಾರೆ. ಹೊರದಬ್ಬಿಸಿಕೊಂಡವರು ಹಕ್ಕುಪತ್ರದ ಗೊಡವೆಯಿಲ್ಲದೆ, ಹಿಂದಿನ ಸ್ವಾಧೀನವೊಂದನ್ನೇ ತೋರಿಸಿ ಜಾಗ ಮರಳಿ ಪಡೆಯಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮು ಅವಕಾಶ ಕೊಡುತ್ತದೆ. ಸರ್ಕಾರದ ವಿರುದ್ಧ ಮಾತ್ರ ಅದು ನಡೆಯುವುದಿಲ್ಲ. ದಾವೆ ಹೂಡಲು ಇರುವುದು ಹೊರದಬ್ಬಿದ ದಿನದಿಂದ ಆರೇ ತಿಂಗಳು. ಕ್ರಿಮಿನಲ್ ಕೇಸಿನ ತೀರ್ಪು ಬರಲಿ, ಜಾಗ ತಾನಾಗಿ ಬರುತ್ತದೆ ಎಂದು ಕಾದು ಕುಳಿತವರ ಆರು ತಿಂಗಳು ಸಾಕ್ಷಿ ವಿಚಾರಣೆಗೆ ಮೊದಲೇ ತೀರಿಹೋಗಿರುತ್ತದೆ. ಆಮೇಲೆ ಅವರಿಗೆ ಸಾಮಾನ್ಯವಾಗಿ ಉಳಿಯುವುದು ಹಕ್ಕನ್ನೇ ಸಾಬೀತುಪಡಿಸಬೇಕಾದ ಉದ್ದದ ದಾವೆ.