ಸಿ, ಡಿ, ಇ, ಎಫ್ ಹಿಸ್ಸೆಯ ತಕರಾರು: ಮನೆ ಕಂಪ್ಯೂಟರನ್ನು ವಿಂಡೋಸ್ 11ಕ್ಕೆ ಏರಿಸಿದ ಟಿಪ್ಪಣಿ

ನಿನ್ನೆ ರಾತ್ರಿ ಹನ್ನೊಂದೂವರೆಗೆ ನಮ್ಮನೆ ಕಂಪ್ಯೂಟರ್ ಅಂತೂ ವಿಂಡೋಸ್ 11ಕ್ಕೆ ಬಂದು ಕೂತಿತು. ಮೂರು ದಿನ ಹಿಡಿದ ಕೆಲಸ. ಅದರಲ್ಲಿ ಎರಡೂವರೆ ದಿನ ಒಂದೇ ಕಡೆ ಸಿಕ್ಕಿಬಿದ್ದಿದ್ದೆ. ತಲೆಯಿಂದ ಜಾರುವ ಮೊದಲು ಬರೆದಿಡುತ್ತಿದ್ದೇನೆ. ನಮ್ಮ ತೀರ್ಥಹಳ್ಳಿ ಕಡೆ ಮನೆಮನೆಯಲ್ಲೂ ಅಸೆಂಬಲ್ ಮಾಡಿಸಿದ ಇಂಥದ್ದೇ ಪೆಟ್ಟಿಗೆಗಳಿವೆ, ಅವೂ ಇದೇ ಹೊಸ್ತಿಲಲ್ಲಿ ಎಡವುತ್ತವೆ ಅಂತ ನನ್ನ ಅಂದಾಜು. ಪೆನ್‌ಡ್ರೈವ್ ಹಾಕುವುದು, ಕಾಪಿ ಪೇಸ್ಟ್ ಮಾಡುವುದು ಇಂಥವನ್ನೆಲ್ಲ ವಿವರಿಸುವುದಿಲ್ಲ.

ಯಾಕೆ ಏರಿಸಬೇಕಾಯಿತು

ವಿಂಡೋಸ್ 10ಕ್ಕೆ ಉಚಿತ ಭದ್ರತಾ ಅಪ್‌ಡೇಟ್ ಕೊಡುವುದು 2025ರ ಅಕ್ಟೋಬರ್ 14ಕ್ಕೆ ನಿಂತಿತು. ನಿಂತ ಮಾತ್ರಕ್ಕೆ ಕಂಪ್ಯೂಟರ್ ಕೆಡುವುದಿಲ್ಲ, ಆದರೆ ಹೊಸದಾಗಿ ಕಂಡುಬಂದ ತೂತಿಗೆ ತೇಪೆ ಬರುವುದಿಲ್ಲ. ಅಪ್ಪಯ್ಯನ ಬ್ಯಾಂಕ್ ವ್ಯವಹಾರ, ತೋಟದ ಲೆಕ್ಕ ಎಲ್ಲ ಅದರಲ್ಲೇ ಇರುವುದರಿಂದ ಸುಮ್ಮನೆ ಬಿಡುವ ಹಾಗಿರಲಿಲ್ಲ. ಮನೆಬಳಕೆಯವರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಇನ್ನೊಂದು ವರ್ಷ ತೇಪೆ ಸಿಗುತ್ತದೆ. ಆತುರವಿಲ್ಲದವರಿಗೆ ಅದೂ ಒಂದು ದಾರಿ.

ವಿಂಡೋಸ್ 11 ಕೇಳುವುದು ಇಷ್ಟು: 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಪಟ್ಟಿಯಲ್ಲಿರುವ ಪ್ರೊಸೆಸರ್ (ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚೆಗೆ), ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಯುವ ಭದ್ರತಾ ಚಿಪ್), ಮತ್ತು ಸೆಕ್ಯೂರ್ ಬೂಟ್ (ನಂಬಿಕಸ್ಥ ಪ್ರೋಗ್ರಾಂ ಮಾತ್ರ ಕಂಪ್ಯೂಟರನ್ನು ಎಬ್ಬಿಸಲು ಬಿಡುವ ಕಾವಲು) ಮಾಡಬಲ್ಲ ಯುಇಎಫ್ಐ. ಯುಇಎಫ್ಐ ಅಂದರೆ ಆನ್ ಮಾಡಿದೊಡನೆ ವಿಂಡೋಸ್‌ಗೂ ಮೊದಲು ಏಳುವ ಪ್ರೋಗ್ರಾಂ, ಹಳೆ ಬಯಾಸ್‌ನ ಹೊಸ ರೂಪ; ಬಾಯಿಮಾತಲ್ಲಿ ಇದನ್ನೂ ಬಯಾಸ್ ಅನ್ನುತ್ತಾರೆ. ನಮ್ಮದು 2018ರಲ್ಲಿ ಶಿವಮೊಗ್ಗದ ಅಂಗಡಿಯೊಂದರಲ್ಲಿ ಕಟ್ಟಿಸಿದ್ದು, ಐ5-8400, 8 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ಲೆಕ್ಕದ ಪ್ರಕಾರ ಎಲ್ಲ ಸರಿ. ಆದರೂ ಮೈಕ್ರೋಸಾಫ್ಟ್‌ನದೇ ಪರೀಕ್ಷಾ ಆ್ಯಪ್ ಪಿಸಿ ಹೆಲ್ತ್ ಚೆಕ್ ಓಡಿಸಿದರೆ ಟಿಪಿಎಂ ಇಲ್ಲ, ಸೆಕ್ಯೂರ್ ಬೂಟ್ ಇಲ್ಲ ಅಂತ ಎರಡು ಕೆಂಪು ಗುರುತು.

ಇಲ್ಲಿ ಬಹಳ ಜನ "ಕಂಪ್ಯೂಟರ್ ಹಳೆಯದಾಯ್ತು, ಹೊಸದು ತಗೊಳ್ಳಿ" ಎಂಬ ಮಾತಿಗೆ ತಲೆಯಾಡಿಸಿ ಬರುತ್ತಾರೆ. ಟಿಪಿಎಂ ಅಂದರೆ ಪ್ರತ್ಯೇಕ ಬಿಲ್ಲೆಯೇ ಆಗಬೇಕಿಲ್ಲ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಅದು ಒಳಗೇ ಮಲಗಿರುತ್ತದೆ. ಬಯಾಸ್‌ಗೆ ಹೋಗಿ (ನಮ್ಮದಕ್ಕೆ ಡಿಲೀಟ್ ಕೀ, ಕೆಲವಕ್ಕೆ ಎಫ್2) ಪಿಟಿಟಿ ಎನೇಬಲ್ ಮಾಡಿದೆ. ವಿಂಡೋಸ್‌ಗೆ ಬಂದು ರನ್ ಬಾಕ್ಸಿನಲ್ಲಿ ಟಿಪಿಎಂ ಡಾಟ್ ಎಂಎಸ್‌ಸಿ ಅಂತ ಒತ್ತಿದರೆ ಆವೃತ್ತಿ 2.0 ಅಂತ ಬಂತು. ಐದು ನಿಮಿಷದ ಕೆಲಸ. ಒಂದು ಕೆಂಪು ಹೋಯಿತು, ಉಳಿದದ್ದು ಸೆಕ್ಯೂರ್ ಬೂಟ್. ಇದೂ ಹಾಗೇ ಇರಬಹುದು ಅಂದುಕೊಂಡೆ.

ನಾನು ಮಾಡಿದ ಎಡವಟ್ಟು

ಬಯಾಸ್‌ನಲ್ಲಿ ಸಿಎಸ್‌ಎಂ ಅಂತ ಒಂದಿರುತ್ತದೆ. ಹಳೆ ಪದ್ಧತಿಯಲ್ಲಿ, ಅಂದರೆ ಲೆಗಸಿ ರೀತಿಯಲ್ಲಿ ಬೂಟ್ ಮಾಡಲು ಇಟ್ಟ ಹಿಂಬಾಗಿಲು. ಅದು ತೆರೆದಿರುವವರೆಗೆ ಸೆಕ್ಯೂರ್ ಬೂಟ್ ನಡೆಯುವುದಿಲ್ಲ. ಸರಿ, ಸಿಎಸ್‌ಎಂ ಮುಚ್ಚಿ ಸೇವ್ ಮಾಡಿದೆ.

ಕಂಪ್ಯೂಟರ್ ಮತ್ತೆ ಏಳಲೇ ಇಲ್ಲ. ಎಷ್ಟು ಸಲ ಆನ್ ಮಾಡಿದರೂ ನೇರ ಬಯಾಸ್‌ಗೇ ಬಂದು ನಿಲ್ಲುತ್ತದೆ, ಬೂಟ್ ಪಟ್ಟಿ ಖಾಲಿ. ಹಿಂದಿನಿಂದ ಅಪ್ಪಯ್ಯ, "ಎಂತ ಮಾಡಿದ್ಯಾ ಮಾರಾಯ, ಲೆಕ್ಕ ಎಲ್ಲ ಹೋಯ್ತನಾ?" ಕೊಯ್ಲಿನ ಹೊತ್ತು ಬೇರೆ, ಕೊನೆಗಾರರ (ಅಡಿಕೆ ಕೊನೆ ಕೊಯ್ಯುವವರ) ಬಟವಾಡೆ ಲೆಕ್ಕ ಅದರಲ್ಲೇ ಇತ್ತು. ನನಗೆ ಬೆವರು.

ಏನೂ ಹೋಗಿರಲಿಲ್ಲ. ಸಿಎಸ್‌ಎಂ ವಾಪಸ್ ತೆರೆದರೆ ಹಳೆ ವಿಂಡೋಸ್ 10 ಹಾಗೇ ಎದ್ದಿತು. ನಿಮಗೂ ಹೀಗಾದರೆ ಮೊದಲು ಮಾಡಬೇಕಾದ್ದು ಇದನ್ನೇ. ಗಾಬರಿಯಲ್ಲಿ ಫಾರ್ಮ್ಯಾಟ್ ಹೊಡೆಯಬೇಡಿ.

ಏಳದಿರುವುದಕ್ಕೆ ಕಾರಣ ಬಯಾಸ್‌ನಲ್ಲಿರಲಿಲ್ಲ, ಡಿಸ್ಕಿನಲ್ಲಿತ್ತು. ಡಿಸ್ಕಿನ ಹಿಸ್ಸೆಗಳನ್ನು ಎಂಬಿಆರ್ ಎಂಬ ಹಳೆ ಪದ್ಧತಿಯಲ್ಲಿ ಬರೆದಿತ್ತು. ಹಾಗೆ ಬರೆದ ವಿಂಡೋಸ್ ಡಿಸ್ಕನ್ನು ಯುಇಎಫ್ಐ ಬೂಟ್‌ಗೆ ಒಪ್ಪುವುದಿಲ್ಲ. ಹಾಗಾಗಿ ಮೊದಲು ಡಿಸ್ಕ್, ಆಮೇಲೆ ಬಯಾಸ್. ಈ ಕ್ರಮವನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ, ನಾನು ಕ್ಯಾಲೆಂಡರ್ ಹಿಂದೆ ಬರೆದುಕೊಂಡಿದ್ದೇನೆ.

ಎಂಬಿಆರ್, ಜಿಪಿಟಿ: ನನಗೆ ಅರ್ಥವಾದ ರೀತಿ

ಪಾರ್ಟಿಷನ್ ಅಂದರೆ ಹಿಸ್ಸೆ. ಮಲೆನಾಡಿನವರಿಗೆ ಹಿಸ್ಸೆ ಗೊತ್ತಿಲ್ಲದೆ ಇನ್ನೇನು ಗೊತ್ತಿರುತ್ತದೆ? ಅದರ ಮೇಲೇ ಹೇಳುತ್ತೇನೆ.

ಎಂಬಿಆರ್ ಎಂಬುದು ಡಿಸ್ಕಿನ ಮೊಟ್ಟಮೊದಲ 512 ಬೈಟ್‌ನ ಒಂದು ಚೀಟಿ. ಅದರಲ್ಲಿ 446 ಬೈಟ್ ಬೂಟ್ ಮಾಡುವ ಪುಟ್ಟ ಪ್ರೋಗ್ರಾಂಗೆ, ಕೊನೆಯ 2 ಬೈಟ್ ಮೊಹರಿಗೆ. ನಡುವೆ ಉಳಿಯುವ 64 ಬೈಟ್‌ನಲ್ಲಿ ಹಿಸ್ಸೆ ಬರೆಯಬೇಕು, ಒಂದಕ್ಕೆ 16 ಬೈಟ್. ಭಾಗಿಸಿ ನೋಡಿ, ನಾಲ್ಕೇ ಹಿಸ್ಸೆ. ಐದನೇ ತಮ್ಮನಿಗೆ ಜಾಗವಿಲ್ಲ.

ಹಾಗಾದರೆ ನಮ್ಮ ಡಿಸ್ಕಿನಲ್ಲಿ ಸಿಸ್ಟಮ್ ರಿಸರ್ವ್ಡ್, ಸಿ, ಡಿ, ಇ, ಎಫ್ ಅಂತ ಐದು ಹೇಗೆ ಕೂತವು? ಉಪಾಯ ಹೀಗಿದೆ. ನಾಲ್ಕರಲ್ಲಿ ಒಂದನ್ನು ಎಕ್ಸ್‌ಟೆಂಡೆಡ್ ಅಂತ ಬರೆಯುತ್ತಾರೆ. ಅದು ಸ್ವತಃ ಮನೆಯಲ್ಲ, ಬರೀ ಬೇಲಿ. ಆ ಬೇಲಿಯೊಳಗೆ ಡಿ, ಇ, ಎಫ್ ಎಂಬ ಲಾಜಿಕಲ್ ಒಳಹಿಸ್ಸೆಗಳು. ಇವುಗಳ ವಿವರ ಮೊದಲ ಚೀಟಿಯಲ್ಲಿ ಇರುವುದಿಲ್ಲ. ಡಿ ಬಾಗಿಲಲ್ಲಿ ಒಂದು ಸಣ್ಣ ಚೀಟಿ, ಅದರಲ್ಲಿ "ಮುಂದಿನ ಚೀಟಿ ಇಂಥಲ್ಲಿದೆ" ಅಂತ, ಅಲ್ಲಿ ಇ ಹಿಸ್ಸೆಯ ಚೀಟಿ, ಅದು ಎಫ್‌ನ ಚೀಟಿಯನ್ನು ತೋರಿಸುತ್ತದೆ. ಸರಪಳಿ. ನಡುವಿನ ಒಂದು ಚೀಟಿ ಗೆದ್ದಲು ತಿಂದರೆ ಅದರ ಮುಂದಿನವರೆಲ್ಲ ನಾಪತ್ತೆ.

ಯುಇಎಫ್ಐ ಕೇಳುವ ಹೊಸ ಪದ್ಧತಿ ಜಿಪಿಟಿ. ಅದರಲ್ಲಿ ಈ ಕಷ್ಟ ಇಲ್ಲ. ವಿಂಡೋಸ್ ಲೆಕ್ಕದಲ್ಲಿ 128 ಹಿಸ್ಸೆ, ಎಲ್ಲವೂ ಒಂದೇ ಪಟ್ಟಿಯಲ್ಲಿ ಸಮಾನ. ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ತುತ್ತತುದಿಯಲ್ಲಿರುತ್ತದೆ, ಕ್ರಯಪತ್ರದ ನಕಲನ್ನು ಅತ್ತೆಮನೆಯ ಪೆಟ್ಟಿಗೆಯಲ್ಲಿಟ್ಟ ಹಾಗೆ. 512 ಬೈಟ್ ಸೆಕ್ಟರ್ ಲೆಕ್ಕದಲ್ಲಿ ಎಂಬಿಆರ್‌ಗೆ 2 ಟಿಬಿಯಿಂದಾಚೆ ಜಾಗವೇ ಕಾಣುವುದಿಲ್ಲ, ಜಿಪಿಟಿಗೆ ಆ ಮಿತಿಯೂ ಇಲ್ಲ.

ಎಂಬಿಆರ್ ಇರುವುದನ್ನು ಡೇಟಾ ಅಳಿಸದೆ ಜಿಪಿಟಿ ಮಾಡಲು ಮೈಕ್ರೋಸಾಫ್ಟ್‌ನದೇ ಒಂದು ಉಪಕರಣ ವಿಂಡೋಸ್ 10ರ ಒಳಗೇ ಇದೆ, 1703ನೇ ಆವೃತ್ತಿಯಿಂದ. ಹೆಸರು ಎಂಬಿಆರ್2ಜಿಪಿಟಿ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆಯಬೇಕು. ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಹೇಳುತ್ತೇನೆ: ಉಪಕರಣದ ಹೆಸರು, ಸ್ಪೇಸ್, ಓರೆಗೆರೆ ವ್ಯಾಲಿಡೇಟ್, ಸ್ಪೇಸ್, ಓರೆಗೆರೆ ಡಿಸ್ಕ್ ಕೋಲನ್ ಸೊನ್ನೆ, ಸ್ಪೇಸ್, ಓರೆಗೆರೆ ಅಲೌಫುಲ್‌ಓಎಸ್. ಕೊನೆಯದು ಸ್ಪೇಸ್ ಇಲ್ಲದೆ ಒಂದೇ ಪದ. ಓಡುತ್ತಿರುವ ವಿಂಡೋಸ್ ಒಳಗಿಂದಲೇ ಮಾಡುತ್ತಿದ್ದೇನೆ ಎಂದು ಹೇಳುವ ಪದ ಅದು, ಬಿಟ್ಟರೆ ಉಪಕರಣ ಮುಂದೆ ಹೋಗುವುದಿಲ್ಲ. ವ್ಯಾಲಿಡೇಟ್ ಬರೀ ಪರೀಕ್ಷೆ, ಏನನ್ನೂ ಮುಟ್ಟುವುದಿಲ್ಲ. ಹಾಗಾಗಿ ಹತ್ತು ಸಲ ಓಡಿಸಿದರೂ ಭಯವಿಲ್ಲ.

ನನಗೆ ಬಂದ ಉತ್ತರ: ಡಿಸ್ಕ್ ಲೇಔಟ್ ವ್ಯಾಲಿಡೇಶನ್ ಫೇಲ್ಡ್.

ಯಾಕೆ ಅಂತ ಹೇಳುವುದಿಲ್ಲ. ಒಂದೂವರೆ ದಿನ ಇದರಲ್ಲೇ ಹೋಯಿತು. ಆಮೇಲೆ ನಿಯಮ ಸಿಕ್ಕಿತು: ಪ್ರೈಮರಿ ಹಿಸ್ಸೆ ಮೂರಕ್ಕಿಂತ ಹೆಚ್ಚಿರಬಾರದು, ಎಕ್ಸ್‌ಟೆಂಡೆಡ್ ಅಥವಾ ಲಾಜಿಕಲ್ ಹಿಸ್ಸೆ ಇರಲೇಬಾರದು. ಅಂಗಡಿಯವರು ಉಪಕಾರ ಅಂತ ಸಿ, ಡಿ, ಇ, ಎಫ್ ಮಾಡಿಕೊಟ್ಟಿದ್ದರಲ್ಲ, ಅದೇ ಅಡ್ಡ ನಿಂತದ್ದು. ಎಫ್‌ನಲ್ಲಿ ಇದ್ದದ್ದಾದರೂ ಏನು? ಅವರೇ ತುಂಬಿಸಿಕೊಟ್ಟ ಹಳೆ ಸೆಟಪ್ ಫೈಲುಗಳು, ಯಾರೂ ಕೇಳದ ಎಂಪಿ3 ಹಾಡುಗಳು.

ಕಣ್ಣಿನಲ್ಲೇ ಪತ್ತೆ ಮಾಡುವ ದಾರಿ

ಇದು ನನ್ನ ಮೆಚ್ಚಿನದು. ವಿಂಡೋಸ್ ಕೀ ಮತ್ತು ಎಕ್ಸ್ ಒಟ್ಟಿಗೆ ಒತ್ತಿ, ಬಿಟ್ಟು, ಕೆ ಒತ್ತಿ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯುತ್ತದೆ. ಕೆಳಗಿನ ಅರ್ಧದಲ್ಲಿ ಪಟ್ಟಿಗಳ ಬಣ್ಣ ನೋಡಿ. ಕಡುನೀಲಿ ಅಂದರೆ ಪ್ರೈಮರಿ. ತಿಳಿನೀಲಿ ಅಂದರೆ ಲಾಜಿಕಲ್, ಅವುಗಳ ಸುತ್ತ ಹಸಿರು ಚೌಕಟ್ಟು ಇದ್ದರೆ ಅದೇ ಎಕ್ಸ್‌ಟೆಂಡೆಡ್ ಬೇಲಿ. ಹಸಿರು ಕಂಡಿತೋ, ಎಂಬಿಆರ್2ಜಿಪಿಟಿ ಒಪ್ಪುವುದಿಲ್ಲ. ಕಮಾಂಡ್ ಓಡಿಸುವ ಮೊದಲೇ ಗೊತ್ತಾಗುತ್ತದೆ. ಮೂರು ದಿನದ ಹಿಂದೆ ಯಾರಾದರೂ ಈ ಒಂದು ಮಾತು ಹೇಳಿದ್ದರೆ!

ಡಿ, ಇ, ಎಫ್‌ನಲ್ಲಿದ್ದ ಬೇಕಾದ್ದನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿದೆ. ಎರಡೂ ಕಡೆ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ ತಾಳೆ ನೋಡಿದೆ. ಕಾಪಿ ಆಯಿತು ಅಂತ ನಂಬುವುದು ಬೇರೆ, ಎಣಿಸುವುದು ಬೇರೆ. ಅಪ್ಪಯ್ಯ ಅಡಿಕೆ ಚೀಲ ಎಣಿಸುವಾಗ ಎರಡು ಸಲ ಎಣಿಸುವುದು ಯಾಕೆ ಅಂತ ಈಗ ತಿಳಿಯಿತು. ಆಮೇಲೆ ಮೂರನ್ನೂ ರೈಟ್ ಕ್ಲಿಕ್ ಮಾಡಿ ಡಿಲೀಟ್ ವಾಲ್ಯೂಮ್ ಕೊಟ್ಟೆ.

ಮತ್ತೆ ವ್ಯಾಲಿಡೇಟ್. ಮತ್ತೆ ಫೇಲ್.

ಇಲ್ಲೇ ನೋಡಿ ನಾನು ಬಿದ್ದದ್ದು, ಇದೊಂದನ್ನು ಎರಡು ಸಲ ಓದಿ. ಮನೆಗಳನ್ನು ಕೆಡವಿದೆ, ಬೇಲಿ ಹಾಗೇ ಇತ್ತು! ಲಾಜಿಕಲ್ ಹಿಸ್ಸೆಗಳನ್ನು ಅಳಿಸಿದ ಮೇಲೆ ಆ ಜಾಗ ತಿಳಿಹಸಿರು ಬಣ್ಣದಲ್ಲಿ ಫ್ರೀ ಸ್ಪೇಸ್ ಅಂತ ಕಾಣುತ್ತದೆ. ಖಾಲಿ ಅಂದುಕೊಂಡೆ. ಅದು ಖಾಲಿ ಜಾಗವಲ್ಲ, ಖಾಲಿ ಬೇಲಿ. ಆ ಹಸಿರಿನ ಮೇಲೂ ರೈಟ್ ಕ್ಲಿಕ್ ಮಾಡಿ ಇನ್ನೊಂದು ಸಲ ಡಿಲೀಟ್ ಕೊಡಬೇಕು. ಆಗ ಮೇಲಿನ ಪಟ್ಟಿ ಕಪ್ಪಾಗಿ ಅನ್‌ಅಲೊಕೇಟೆಡ್ ಅಂತ ಬರುತ್ತದೆ. ಫ್ರೀ ಸ್ಪೇಸ್ ಬೇರೆ, ಅನ್‌ಅಲೊಕೇಟೆಡ್ ಬೇರೆ. ಹಸಿರು ಹೋಗಿ ಕಪ್ಪು ಬರಬೇಕು.

ಮೂರನೇ ಸಲ ವ್ಯಾಲಿಡೇಟ್ ಪಾಸಾಯಿತು. ವ್ಯಾಲಿಡೇಟ್ ಇದ್ದಲ್ಲಿ ಕನ್ವರ್ಟ್ ಅಂತ ಹಾಕಿ ಅದೇ ಸಾಲು ಓಡಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಮುಗಿದ ಮೇಲೆ ರೀಸ್ಟಾರ್ಟ್ ಮಾಡಿ ನೇರ ಬಯಾಸ್‌ಗೆ ಹೋಗಿ ಸಿಎಸ್‌ಎಂ ಮುಚ್ಚಬೇಕು, ಯಾಕೆಂದರೆ ಡಿಸ್ಕ್ ಈಗ ಹಳೆ ದಾರಿಯಲ್ಲಿ ಏಳುವುದಿಲ್ಲ. ಮುಚ್ಚಿದೆ, ಎದ್ದಿತು. ಸೆಕ್ಯೂರ್ ಬೂಟ್ ಆನ್ ಮಾಡಿದೆ. ರನ್ ಬಾಕ್ಸಿನಲ್ಲಿ ಎಂಎಸ್‌ಇನ್ಫೋ32 ಒತ್ತಿದರೆ ಬಯಾಸ್ ಮೋಡ್ ಎದುರು ಲೆಗಸಿ ಬದಲು ಯುಇಎಫ್ಐ ಅಂತ ಕಂಡಿತು. ಅಪ್ಪಯ್ಯನಿಗೆ ತೋರಿಸಿದೆ. "ಹೌದಾ" ಅಂದು ಅಡಿಕೆ ಬೇಯಿಸುವ ಹಂಡೆ ನೋಡಲು ಹೋದರು.

ಏರಿಸಿದ್ದು

ಇದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ನಮ್ಮೂರಿನ ನೆಟ್‌ನಲ್ಲಿ 5 ಜಿಬಿ ದಾಟಿದ ಐಎಸ್ಒ ಫೈಲ್ (ವಿಂಡೋಸ್ ಹಾಕಲು ಬೇಕಾದ್ದೆಲ್ಲ ಒಂದೇ ಕಟ್ಟಿನಲ್ಲಿರುವ ಫೈಲ್) ಇಳಿಯುವ ಮಾತಿಲ್ಲ. ಶಿವಮೊಗ್ಗದ ಹಾಸ್ಟೆಲಿನಲ್ಲಿರುವ ಚಿಕ್ಕಪ್ಪನ ಮಗ ಇಳಿಸಿ, ಪೆನ್‌ಡ್ರೈವನ್ನು ಸಂಜೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ. ಕಳಿಸುವ ಮೊದಲು ಅವನ ಫೋನ್: "ಅಣ್ಣ, ಹದಿನಾರು ಜಿಬಿ ಖಾಲಿ ಇದ್ರೂ ಫೈಲ್ ದೊಡ್ಡದಾಯ್ತು ಅಂತಿದೆ." ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆ ರೀತಿಯಲ್ಲಿ ಫಾರ್ಮ್ಯಾಟ್ ಆಗಿತ್ತು, ಅದು 4 ಜಿಬಿಗಿಂತ ದೊಡ್ಡ ಒಂದೇ ಫೈಲನ್ನು ನುಂಗುವುದಿಲ್ಲ. ಎಕ್ಸ್‌ಫ್ಯಾಟ್ ಮಾಡಿದ ಮೇಲೆ ಹಿಡಿಯಿತು.

ಐಎಸ್ಒ ಮೇಲೆ ಡಬಲ್ ಕ್ಲಿಕ್, ಒಳಗಿನ ಸೆಟಪ್, "ಫೈಲು ಮತ್ತು ಆ್ಯಪ್ ಉಳಿಸಿಕೊ" ಎಂಬ ಆಯ್ಕೆ. ಹಾರ್ಡ್‌ಡಿಸ್ಕ್ ಆದ್ದರಿಂದ ಮೂರು ಗಂಟೆ ಹಿಡಿಯಿತು. ನಮ್ಮ ಯುಪಿಎಸ್ ಹತ್ತು ನಿಮಿಷದ ಗಿರಾಕಿ, ಕರೆಂಟ್ ನಂಬುವ ಹಾಗಿಲ್ಲ. ಹಾಗಾಗಿ ಮನೆ ಇನ್ವರ್ಟರ್ ಲೈನಿಗೆ ಪ್ಲಗ್ ಹಾಕಿ, ಟಿವಿ ಬಂದ್ ಮಾಡಿಸಿ ಅಮ್ಮನ ಸಿಟ್ಟಿಗೆ ಗುರಿಯಾದೆ. ಇಷ್ಟವಾಗದಿದ್ದರೆ 10 ದಿನದೊಳಗೆ ಸೆಟ್ಟಿಂಗ್ಸ್‌ನಿಂದಲೇ ವಿಂಡೋಸ್ 10ಕ್ಕೆ ಮರಳಬಹುದು.

ಖಾಲಿ ಜಾಗದಲ್ಲಿ ಈಗ ಒಂದೇ ಒಂದು ಹಿಸ್ಸೆ ಮಾಡಿದ್ದೇನೆ. ಅದಕ್ಕೆ ಡಿ ಅಕ್ಷರವನ್ನೇ ಕೊಟ್ಟೆ. ತೋಟದ ಲೆಕ್ಕದ ಸಾಫ್ಟ್‌ವೇರ್ ಡೇಟಾವನ್ನು ಡಿಯಲ್ಲೇ ಹುಡುಕುತ್ತದೆ, ಬೇರೆ ಅಕ್ಷರ ಕೊಟ್ಟರೆ ಕಂಪನಿಯೇ (ಅಂದರೆ ನಮ್ಮ ಲೆಕ್ಕದ ಖಾತೆಯೇ) ಇಲ್ಲ ಅನ್ನುತ್ತದೆ.

ಕನ್ನಡದ ಫೈಲುಗಳು

ಅಪ್ಪಯ್ಯನ ಹಳೆ ಪತ್ರಗಳೆಲ್ಲ ನುಡಿ ಫಾಂಟಿನವು. ಆ ಹಳೆ ಪದ್ಧತಿಯಲ್ಲಿ ಕನ್ನಡ ಅಕ್ಷರದ ಚೂರುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕೂತಿರುತ್ತವೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ರೋಮನ್ ಕಾಗುಣಿತ. ಇದ್ದದ್ದರ ಮೇಲೇ ಏರಿಸಿದ್ದರಿಂದ ನಮ್ಮಲ್ಲಿ ಫಾಂಟ್ ಉಳಿಯಿತು. ಎಲ್ಲ ಅಳಿಸಿ ಹೊಸದಾಗಿ ಹಾಕುವವರು ನುಡಿಯನ್ನು ಮತ್ತೆ ಹಾಕಿಕೊಳ್ಳಬೇಕು, ಫೈಲ್ ಕೆಟ್ಟಿತು ಅಂತ ಅಳಿಸಬೇಡಿ. ಯುನಿಕೋಡ್‌ನಲ್ಲಿ ಬರೆದಿದ್ದರೆ ಈ ಪಾಡೇ ಇಲ್ಲ, ಅಲ್ಲಿ ಕನ್ನಡಕ್ಕೆಂದೇ 128 ಮನೆಗಳ ಸಾಲಿದೆ. (ಜಿಪಿಟಿಯಲ್ಲೂ 128, ನನಗೆ ಈ ಸಂಖ್ಯೆ ಮರೆಯದೆ ಉಳಿದದ್ದು ಹೀಗೆ.) ಟೈಪ್ ಮಾಡಲು ವಿಂಡೋಸ್‌ನದೇ ಕನ್ನಡ ಫೊನೆಟಿಕ್ ಕೀಬೋರ್ಡ್ ಇದೆ, ಭಾಷೆಯ ಸೆಟ್ಟಿಂಗ್ಸ್‌ನಲ್ಲಿ ಸೇರಿಸಿಕೊಂಡರಾಯಿತು.

ಇವತ್ತು ಬೆಳಿಗ್ಗೆ ಅಪ್ಪಯ್ಯ ಕೂತವರೇ, "ಸ್ಟಾರ್ಟ್ ಎಲ್ಲಿಗೆ ಹೋಯ್ತು?" ಅಂದರು. ಮಧ್ಯಕ್ಕೆ ಬಂದಿತ್ತು. ಟಾಸ್ಕ್‌ಬಾರ್ ಮೇಲೆ ರೈಟ್ ಕ್ಲಿಕ್, ಟಾಸ್ಕ್‌ಬಾರ್ ಸೆಟ್ಟಿಂಗ್ಸ್, ಟಾಸ್ಕ್‌ಬಾರ್ ಬಿಹೇವಿಯರ್ಸ್, ಅಲೈನ್‌ಮೆಂಟ್ ಲೆಫ್ಟ್. ಎಡಮೂಲೆಗೆ ಕಳಿಸಿದ ಮೇಲೆ ಬಟವಾಡೆ ಲೆಕ್ಕ ತೆರೆದರು.