ನನ್ನ ಹಾಡು ಹಾಡ್ತಾರೇನ್ರಿ?

ಪ್ರಶ್ನೆ: ಸರ್, ನಾ ಕಲಬುರಗ್ಯಾಗ ಎಂಜಿನಿಯರಿಂಗ್ ಓದ್ಲಿಕತ್ತೀನ್ರಿ. ಐರನ್ ಮೇಡನ್, ಮೆಟಾಲಿಕಾ ಅನ್ನೋ ಹೆವಿ ಮೆಟಲ್ ಬ್ಯಾಂಡ್ ಅಂದ್ರ ಜೀವ. ಎಂದಾದ್ರೂ ಒಮ್ಮೆ ಬೆಂಗಳೂರಿಗಿ ಬಂದ್ರ ಹೋಗೇ ಹೋಗ್ತೀನಿ. ಆದ್ರ ನನಗ ಕೇಳಬೇಕಾಗಿದ್ದು ಒಂದೇ ಹಾಡು. ಅಷ್ಟು ರೊಕ್ಕ ಹಾಕಿ ಹೋಗಿ, ಅದೊಂದೇ ಬಿಟ್ಟು ಉಳಿದದ್ದೆಲ್ಲ ಹಾಡಿದ್ರ? ಮೊದಲೇ ಗೊತ್ತಾಗೋ ದಾರಿ ಏನರೆ ಅದ ಏನ್ರಿ?

ಉತ್ತರ: ದಾರಿ ಅದ. ಆದರೆ ಅದಕ್ಕೂ ಮೊದಲು ನಮ್ಮ ಕಡೆಯವರು ತಲೆಯಿಂದ ತೆಗೆದುಹಾಕಬೇಕಾದ ಒಂದು ರೂಢಿ ಇದೆ. ನಾವು ಫರ್ಮಾಯಿಷ್ ಮಾಡಿ ಬೆಳೆದವರು. ರಾತ್ರಿಯಿಡೀ ನಡೆಯುವ ಭಜನೆಯಲ್ಲಿ ಮೂಲೆಯಲ್ಲಿ ಕುಳಿತ ಮುತ್ಯಾ "ಕಡಕೋಳ ಮಡಿವಾಳಪ್ಪಂದು ಒಂದು ಹೇಳ್ರೋ" ಅಂದರೆ ಮುಗಿಯಿತು, ಹಾರ್ಮೋನಿಯಂ ಆ ಕಡೆಗೇ ತಿರುಗುತ್ತದೆ. ಕವ್ವಾಲಿಯಲ್ಲಿ ಹತ್ತಿರ ಹೋಗಿ ನೋಟು ಇಟ್ಟು ಕೇಳಿದರೆ ಅದೇ ಸಾಲನ್ನು ಹತ್ತು ಸಲ ತಿರುಗಿಸಿ ಹಾಡುತ್ತಾರೆ. ಹಾಡುವವರಿಗೂ ಕೇಳುವವರಿಗೂ ನಡುವೆ ಒಂದು ಜಮಖಾನೆಯಷ್ಟೇ ದೂರ.

ಮೆಟಲ್ ಬ್ಯಾಂಡಿನ ಲೆಕ್ಕ ಬೇರೆ. ಯಾವ ಹಾಡಿನ ನಂತರ ಯಾವುದು ಎಂಬ ಪಟ್ಟಿ, ಅಂದರೆ ಸೆಟ್‌ಲಿಸ್ಟ್, ಊರೂರಿಗೆ ಹೋಗಿ ಹಾಡುವ ಪ್ರವಾಸ ಶುರುವಾಗುವ ಮುಂಚೆಯೇ ತಾಲೀಮಿನಲ್ಲಿ ಬಹುಮಟ್ಟಿಗೆ ಗಟ್ಟಿಯಾಗಿರುತ್ತದೆ. ಮೇಡನ್ ವೇದಿಕೆಯ ಹಿಂದಿನ ದೊಡ್ಡ ಪರದೆ ಹಾಡಿನಿಂದ ಹಾಡಿಗೆ ಬದಲಾಗುತ್ತದೆ. ಬೆಳಕು, ಬೆಂಕಿ, ಎಡ್ಡಿ ಎಂಬ ಆ ಅಸ್ಥಿಪಂಜರದ ಬೊಂಬೆ ಒಳಗೆ ಬರುವ ಗಳಿಗೆ, ಎಲ್ಲವೂ ಆ ಪಟ್ಟಿಗೆ ಹೊಲಿದದ್ದು. ನಡುವೆ ಒಂದು ಎಳೆ ಕಿತ್ತರೆ ಹತ್ತಾರು ಜನರ ಕೆಲಸ ತಪ್ಪುತ್ತದೆ. ನೀವು ಗಂಟಲು ಹರಿಯುವಂತೆ ಕೂಗಿದರೂ ಅವರ ಕಿವಿಯಲ್ಲಿ ಇರುವುದು ಅವರದೇ ವಾದ್ಯಗಳ ಸದ್ದು.

ಲೆಕ್ಕವನ್ನೂ ನೋಡಿ. 2021ರ 'ಸೆಂಜುಟ್ಸು' ಸೇರಿ ಮೇಡನ್‌ದು 17 ಸ್ಟುಡಿಯೋ ಆಲ್ಬಂ. ಒಂದು ರಾತ್ರಿಗೆ ಎರಡು ಗಂಟೆ, ಹೆಚ್ಚುಕಮ್ಮಿ ಹದಿನೈದು ಹದಿನಾರು ಹಾಡು. ಅದರಲ್ಲಿ ಬ್ಯಾಂಡಿನ ಹೆಸರನ್ನೇ ಹೊತ್ತ 'ಐರನ್ ಮೇಡನ್', 'ದಿ ಟ್ರೂಪರ್' ಥರದವಕ್ಕೆ ಜಾಗ ಬಹುಮಟ್ಟಿಗೆ ಮೀಸಲು. ಉಳಿದ ಸೀಟಿಗೆ ನೂರಕ್ಕೂ ಹೆಚ್ಚು ಹಾಡು ಕ್ಯೂ ನಿಂತಿರುತ್ತವೆ.

ಈಗ ದಾರಿಯ ಮಾತು. ಮೊದಲು ಪ್ರವಾಸದ ಹೆಸರು ನೋಡಿ, ಅರ್ಧ ಉತ್ತರ ಅಲ್ಲೇ ಇರುತ್ತದೆ. ಮೇಡನ್ 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಹಿಂದಿನ ವರ್ಷವಷ್ಟೇ ಬಂದಿದ್ದ ಹೊಸ ಆಲ್ಬಂ ಕೈಯಲ್ಲಿತ್ತು, ಅದರ ಹಾಡುಗಳನ್ನೇ ಸಾಕಷ್ಟು ನುಡಿಸಿದರು. ಎರಡು ವರ್ಷದ ನಂತರ, 2009ರ ಫೆಬ್ರವರಿಯಲ್ಲಿ, ಅದೇ ಮೈದಾನ, ಅದೇ ಆರು ಜನ. ಆದರೆ ಪ್ರವಾಸದ ಹೆಸರು 'ಸಮ್‌ವೇರ್ ಬ್ಯಾಕ್ ಇನ್ ಟೈಮ್'. ಎಂಬತ್ತರ ದಶಕದ ಹಾಡುಗಳಿಗೆಂದೇ ಕಟ್ಟಿದ ಪ್ರವಾಸ ಅದು. ಹೊಸ ಹಾಡಿಗೆ ಕಾದು ಬಂದವನು 2009ರಲ್ಲಿ ಬರಿಗೈಲಿ ಮರಳಿದ, ಹಳೆಯದಕ್ಕೆ ಬಂದವನು 2007ರಲ್ಲಿ ಗೊಣಗಿದ.

ಎರಡನೆಯದು, ಅದೇ ಪ್ರವಾಸದ ಹಿಂದಿನ ನಾಲ್ಕೈದು ಊರುಗಳಲ್ಲಿ ಏನು ಹಾಡಿದರು ಎಂದು ನೋಡುವುದು. 'ಸೆಟ್‌ಲಿಸ್ಟ್ ಡಾಟ್ ಎಫ್‌ಎಂ' ಎಂಬ ತಾಣದಲ್ಲಿ ಅಭಿಮಾನಿಗಳೇ ದಿನದಿನದ ಪಟ್ಟಿ ಹಾಕುತ್ತಾರೆ. ಇಲ್ಲಿ ನಿಮ್ಮ ಎರಡು ಬ್ಯಾಂಡುಗಳ ಸ್ವಭಾವ ಬೇರೆಬೇರೆ. ಮೇಡನ್ ಊರಿಂದ ಊರಿಗೆ ಹೆಚ್ಚುಕಮ್ಮಿ ಒಂದೇ ಪಟ್ಟಿ ಒಯ್ಯುತ್ತದೆ. ಹಿಂದಿನ ಐದು ಊರಲ್ಲಿ ಇಲ್ಲದ್ದು ಆರನೆಯ ಊರಲ್ಲಿ ಬರುತ್ತದೆಂದು ಹರಕೆ ಹೊರಬೇಡಿ. ಮೆಟಾಲಿಕಾ ಹಾಗಲ್ಲ, ರಾತ್ರಿ ರಾತ್ರಿಗೆ ಕೆಲವನ್ನು ಬದಲಿಸುತ್ತದೆ. 2023ರಲ್ಲಿ ಶುರು ಮಾಡಿದ ಎಂ72 ಪ್ರವಾಸದಲ್ಲಂತೂ ಒಂದು ಊರಲ್ಲಿ ಎರಡು ರಾತ್ರಿ, ಮೊದಲ ರಾತ್ರಿಯ ಒಂದು ಹಾಡೂ ಎರಡನೆಯ ರಾತ್ರಿ ಮರಳಿ ಬರದಂತೆ ಯೋಜನೆ. ಕೇಳಲು ಚಂದ. ಒಂದೇ ಟಿಕೆಟ್ ಕೊಳ್ಳಬಲ್ಲ ನಮ್ಮಂಥವರಿಗೆ ಮಾತ್ರ ಅದು ಸಂಕಟ.

ಇನ್ನೊಂದು ಸಂಗತಿ, ಹಲವು ಬ್ಯಾಂಡ್ ಸೇರುವ ಉತ್ಸವವಾದರೆ ಅವಧಿ ಕಡಿಮೆಯಾಗುವುದುಂಟು. ಆಗ ಮೊದಲು ಉದುರುವುದು ಉದ್ದನೆಯ ಮತ್ತು ಅಪರೂಪದ ಹಾಡುಗಳು.

ಹಾಗಾದರೆ ಕೇಳುಗರ ಕೈಗೇ ಪಟ್ಟಿ ಕೊಟ್ಟುಬಿಟ್ಟರೆ? ಮೆಟಾಲಿಕಾ ಅದನ್ನೂ ಮಾಡಿ ನೋಡಿತು. 2014ರಲ್ಲಿ ಟಿಕೆಟ್ ಕೊಂಡವರೇ ಮತ ಹಾಕಿ ಹಾಡು ಆರಿಸುವ ಪ್ರವಾಸ ನಡೆಯಿತು. ಹೆಚ್ಚಿನ ಕಡೆ ಗೆದ್ದದ್ದು 'ಮಾಸ್ಟರ್ ಆಫ್ ಪಪೆಟ್ಸ್', 'ಒನ್' ಇಂಥ ಹಾಡುಗಳೇ. ಬ್ಯಾಂಡ್ ಹೇಗೂ ನುಡಿಸುತ್ತಿದ್ದವನ್ನೇ ಜನ ದುಡ್ಡು ಕೊಟ್ಟು ಆರಿಸಿದರು! ನಗಬೇಡಿ, ನಾನೂ ಹಾಗೇ ಮಾಡುತ್ತಿದ್ದೆನೇನೋ. ಆದರೂ ಆ ಮತದಿಂದ ಒಂದು ಒಳ್ಳೆಯದಾಯಿತು. 1988ರ ಆಲ್ಬಂನಲ್ಲಿದ್ದ 'ದಿ ಫ್ರೇಡ್ ಎಂಡ್ಸ್ ಆಫ್ ಸ್ಯಾನಿಟಿ' ಎಂಬ ಹಾಡು 26 ವರ್ಷಗಳ ನಂತರ ಹೆಲ್ಸಿಂಕಿಯಲ್ಲಿ ಮೊದಲ ಸಲ ಪೂರ್ತಿಯಾಗಿ ವೇದಿಕೆ ಕಂಡಿತು.

ನನ್ನದೇ ಹೇಳುತ್ತೇನೆ. 2009ರಲ್ಲಿ, ನಮ್ಮೂರಿನ್ನೂ ಗುಲ್ಬರ್ಗ ಇದ್ದಾಗ, ಸಂಜೆಯ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆ. ಬುತ್ತಿಯಲ್ಲಿ ರೊಟ್ಟಿ ಶೇಂಗಾ ಹಿಂಡಿ, ತಲೆಯಲ್ಲಿ 'ಅಲೆಕ್ಸಾಂಡರ್ ದಿ ಗ್ರೇಟ್'. 1986ರ ಆ ಹಾಡನ್ನು ಮೇಡನ್‌ನವರು ಅಲ್ಲಿಯವರೆಗೆ ಒಮ್ಮೆಯೂ ವೇದಿಕೆಯಲ್ಲಿ ನುಡಿಸಿರಲಿಲ್ಲವೆಂದು ಗೊತ್ತಿತ್ತು. ಗೊತ್ತಿದ್ದೂ ಕಾದೆ. ನುಡಿಸಲಿಲ್ಲ. ಬದಲಿಗೆ ಬಂದದ್ದು 'ರೈಮ್ ಆಫ್ ದಿ ಏನ್ಷಿಯಂಟ್ ಮ್ಯಾರಿನರ್', ಮುದಿ ನಾವಿಕನೊಬ್ಬನ ಕತೆ, ಹದಿಮೂರು ನಿಮಿಷದ್ದು, ಮನೆಯಲ್ಲಿ ಕ್ಯಾಸೆಟ್ ಓಡಿಸಿ ದಾಟಿಸುತ್ತಿದ್ದ ಹಾಡು. ನಡುವೆ ಗಿಟಾರುಗಳೆಲ್ಲ ತಣ್ಣಗಾಗಿ, ಹಡಗಿನ ಮರ ಕಿರುಗುಟ್ಟುವ ಸದ್ದಷ್ಟೇ ಉಳಿದಾಗ ಆ ಮೈದಾನವೇ ಸುಮ್ಮನಾಯಿತು. ನನ್ನ ಪಕ್ಕದ ಹುಡುಗ ಬಾಯಿಗೆ ಒಯ್ದ ನೀರಿನ ಬಾಟಲಿ ಹಾಗೇ ಹಿಡಿದುಕೊಂಡು ನಿಂತಿದ್ದ. ಆಮೇಲೆ ಒಮ್ಮೆಯೂ ಅದನ್ನು ಓಡಿಸಿ ದಾಟಿಸಿಲ್ಲ.

'ಅಲೆಕ್ಸಾಂಡರ್' ಕೊನೆಗೂ ವೇದಿಕೆಗೆ ಬಂದದ್ದು 2023ರ ಮೇ ತಿಂಗಳಲ್ಲಿ, ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲಿ, ಆಲ್ಬಂ ಬಂದ 37ನೇ ವರ್ಷಕ್ಕೆ. ನಾನು ಅದನ್ನು ನೋಡಿದ್ದು ನಮ್ಮೂರಿನ ಸೂಪರ್ ಮಾರ್ಕೆಟ್ ಹತ್ತಿರ ಚಹಾ ಅಂಗಡಿಯಲ್ಲಿ, ಯಾರೋ ಅಲುಗಾಡುವ ಕೈಯಿಂದ ತೆಗೆದ ಮೊಬೈಲ್ ವಿಡಿಯೋದಲ್ಲಿ. ಚಹಾ ಆರಿಹೋಯಿತು.

ನಿಮ್ಮ ಹಾಡು ಯಾವುದೆಂದು ನೀವು ಬರೆದೇ ಇಲ್ಲ. 'ಫಿಯರ್ ಆಫ್ ದಿ ಡಾರ್ಕ್' ಆಗಿದ್ದರೆ ಧೈರ್ಯವಾಗಿ ಟಿಕೆಟ್ ತೆಗೆಸ್ರಿ, ಅದು ಬಹಳ ಸಲ ಇರುತ್ತದೆ, ಗಿಟಾರಿನ ಆ ರಾಗಕ್ಕೆ ಓ ಓ ಎಂದು ದನಿಗೂಡಿಸಲು ಗಂಟಲನ್ನಷ್ಟೇ ಕಾಯ್ದಿಟ್ಟುಕೊಳ್ಳಿ. 'ಅಲೆಕ್ಸಾಂಡರ್' ಆಗಿದ್ದರೆ, 2025ರ ಪ್ರವಾಸದಲ್ಲಿ ಅದನ್ನು ಮತ್ತೆ ಕೈಬಿಟ್ಟರು. 'ರೈಮ್' ಮಾತ್ರ ಮರಳಿ ಬಂತು.