ಗೂಡು ಒಳಗೆ ಬರುವ ಮುನ್ನ

ಹಳೆಯ ಮಹಲಿನಲ್ಲಿ ಪ್ರಕೃತಿಪ್ರೇರಿತ ಕಲೆಯ ಪ್ರದರ್ಶನವೆಂದರೆ ಎಲ್ಲರೂ ತಲೆಯೆತ್ತಿ ಕೃತಿಯನ್ನು ನೋಡುತ್ತಾರೆ. ನಾನು ಬಗ್ಗಿ ನೆಲ ನೋಡುತ್ತೇನೆ. ಕೃತಿಯ ಬುಡದಲ್ಲಿ ಹುಳು ಕೊರೆದು, ಹಿಟ್ಟಿನಷ್ಟು ನುಣ್ಣನೆಯ ಮರದ ಪುಡಿ ಉದುರಿದೆಯೇ? ಕಿಟಕಿಯ ಅಂಚಿನಲ್ಲಿ ಸತ್ತ ನುಸಿ ಬಿದ್ದಿದೆಯೇ? ವಸ್ತುಸಂರಕ್ಷಣೆಯ ಕೆಲಸದಿಂದ ಬಂದ ಅಭ್ಯಾಸವಿದು.

ಕೆಲವು ವರ್ಷಗಳ ಹಿಂದೆ ಇಂಗ್ಲೆಂಡಿನ ಹಳ್ಳಿಗಾಡಿನ ಮಹಲೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಪ್ರದರ್ಶನಕ್ಕೆಂದು ಆಳೆತ್ತರದ ಗೂಡಿನ ಕಲಾಕೃತಿಯೊಂದು ಬಂತು. ಬೇಲಿಯ ಕಡ್ಡಿ, ಒಣಹುಲ್ಲು, ಮುಳ್ಳುಗಳಿಗೆ ಸಿಕ್ಕಿಕೊಂಡಿದ್ದ ಕುರಿಯ ಉಣ್ಣೆ ಸೇರಿಸಿ ಹೆಣೆದದ್ದು. ಅಷ್ಟು ಚೆಂದದ ಕೆಲಸವನ್ನು ನಾನು ಹೆಚ್ಚು ಕಂಡಿಲ್ಲ. ಅದನ್ನು ಹಳೆಯ ನೇಯ್ಗೆಚಿತ್ರಗಳಿದ್ದ ಕೋಣೆಯಲ್ಲಿ ಇಟ್ಟೆವು. ಮೂರನೆಯ ವಾರ ಪತಂಗಗಳು ಹಾರಾಡತೊಡಗಿದವು. ಬಟ್ಟೆ ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳು. ಉಣ್ಣೆ, ರೇಷ್ಮೆ, ಗರಿ ಅದಕ್ಕೆ ಮೃಷ್ಟಾನ್ನ. ಗೂಡನ್ನು ಹೊರಗೆ ಸಾಗಿಸಿ, ನೇಯ್ಗೆಗಳನ್ನೆಲ್ಲ ಇಳಿಸಿ, ಅಂಗುಲ ಅಂಗುಲವಾಗಿ ಪರೀಕ್ಷಿಸಬೇಕಾಯಿತು. ತಪ್ಪು ಕಲಾವಿದರದಲ್ಲ, ನಮ್ಮದು. ಅಂಥ ಕೃತಿಯನ್ನು ಪಾಲಿಥಿನ್‌ನಲ್ಲಿ ಗಾಳಿಯಾಡದಂತೆ ಸುತ್ತಿ, ಒಳಗಿನ ಹುಳುಗಳು ಸಾಯಲೆಂದು ಮೈನಸ್ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನ ಅಥವಾ ಮೈನಸ್ 18ರಲ್ಲಿ ಎರಡು ವಾರ ಇಟ್ಟಮೇಲೆಯೇ ಹೊಸ್ತಿಲು ದಾಟಿಸಬೇಕು. ಹೊರತೆಗೆದ ತಕ್ಷಣ ಬಿಚ್ಚಲೂ ಬಾರದು. ಕೋಣೆಯ ಉಷ್ಣತೆಗೆ ಬರುವ ಮೊದಲೇ ತೆರೆದರೆ ನೀರಹನಿ ಕೂತು ಬೂಷ್ಟು ಹಿಡಿಯುತ್ತದೆ.

ಪ್ರಕೃತಿಯನ್ನು ಹೊರಗಿಡಲೆಂದೇ ಕಟ್ಟಿದ ಮನೆಯೊಳಕ್ಕೆ ಪ್ರಕೃತಿಯನ್ನು ಕರೆಯುತ್ತಿದ್ದೇವೆ. ಈ ಎಚ್ಚರ ಮೊದಲ ದಿನದಿಂದಲೇ ಇರುವ ಪ್ರದರ್ಶನಗಳು ಮಾತ್ರ ನನ್ನ ಮನಸ್ಸಿನಲ್ಲಿ ನಿಂತಿವೆ.

ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಹೌಟನ್ ಹಾಲ್ ನೋಡಿ. ಬ್ರಿಟನ್ನಿನ ಮೊದಲ ಪ್ರಧಾನಿ ಎಂದು ಕರೆಸಿಕೊಳ್ಳುವ ರಾಬರ್ಟ್ ವಾಲ್ಪೋಲ್ 1720ರ ದಶಕದಲ್ಲಿ ಕಟ್ಟಿಸಿದ ಮನೆ. ಒಳಾಂಗಣ ವಿನ್ಯಾಸಕಾರ ವಿಲಿಯಂ ಕೆಂಟ್‌ನದು. ಶಂಖಚಿಪ್ಪಿನ ತಲೆಗಟ್ಟಿನ ಹಸಿರು ಮಖಮಲ್ಲಿನ ಮಂಚವೂ ಅವನದೇ ವಿನ್ಯಾಸ. ಆ ಮಖಮಲ್ಲಿನ ಸಮೀಪಕ್ಕೆ ಉಣ್ಣೆಯ ಗೂಡು ಹೋಗುವುದನ್ನು ನೆನೆದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. 2017ರಲ್ಲಿ ಕಲಾವಿದ ರಿಚರ್ಡ್ ಲಾಂಗ್ ಅಲ್ಲಿ ಪ್ರದರ್ಶನ ಮಾಡಿದಾಗ, ಸುಮಾರು 12 ಮೀಟರ್ ಉದ್ದ, ಅಗಲ, ಎತ್ತರದ ಘನಾಕಾರದ ಕಲ್ಲುಹಜಾರದಲ್ಲಿ ಅವರು ಜೋಡಿಸಿದ್ದೂ ಕಲ್ಲನ್ನೇ. ಕಲ್ಲಿಗೆ ಹುಳು ಹತ್ತುವುದಿಲ್ಲ, ಬಿಸಿಲಿಗೆ ಬಣ್ಣ ಮಾಸುವುದಿಲ್ಲ. ಮೊಳೆ ಹೊಡೆಯಬೇಕಿಲ್ಲ, ಅಂಟು ಬೇಡ. ಎತ್ತಿದರೆ ನೆಲ ಇದ್ದಂತೆಯೇ ಇರುತ್ತದೆ. ಹೊರಗಿನ ಹುಲ್ಲುಹಾಸಿನ ಮೇಲೆ 80 ಮೀಟರಿಗೂ ಉದ್ದದ ಗೆರೆಯೊಂದನ್ನು ಅವರು ಹಾಕಿದ್ದು ಆ ಸೀಮೆಯದೇ ಕಬ್ಬಿಣಾಂಶದ ಕೆಂಗಂದು ಮರಳುಗಲ್ಲಿನಿಂದ. ಮನೆಯ ಗೋಡೆಯ ಕಲ್ಲಾದರೋ ಯಾರ್ಕ್‌ಷೈರ್‌ನಿಂದ ಸಮುದ್ರದ ಮೇಲೆ ಬಂದದ್ದು! ಊರಿನ ಕಲ್ಲು ಅಂಗಳದಲ್ಲಿ ಮಲಗಿದೆ, ಪರವೂರಿನ ಕಲ್ಲು ಅರಮನೆಯಾಗಿ ನಿಂತಿದೆ. ಬಿಳಿ ಗೋಡೆಯ ಯಾವ ಗ್ಯಾಲರಿಯಲ್ಲೂ ಆ ಗೆರೆ ಇದನ್ನು ಹೇಳಲಾರದು.

ಬೆಳಕಿನ ವಿಷಯದಲ್ಲಿ ಜಗಳ ತಪ್ಪಿದ್ದಲ್ಲ. ಜಲವರ್ಣ, ಒಣಗಿಸಿದ ಎಲೆ, ರೇಷ್ಮೆಗೆ ನಾವು ಕೊಡುವುದು 50 ಲಕ್ಸ್ (ಲಕ್ಸ್ ಎಂದರೆ ಬೀಳುವ ಬೆಳಕಿನ ಅಳತೆ). ತೈಲಚಿತ್ರಕ್ಕೆ ಸುಮಾರು 200. ಕಿಟಕಿಯಾಚೆಯ ನೇರ ಬಿಸಿಲು ಒಂದು ಲಕ್ಷ ಮುಟ್ಟಬಹುದು. ಉದ್ಯಾನದ ನೋಟ ಬೇಕು, ಪರದೆ ತೆಗೆಯಿರಿ ಎಂದು ಕಲಾವಿದರು ಕೇಳುವುದು ನ್ಯಾಯವೇ. ಆದರೆ ಮಾಸಿದ ಬಣ್ಣ ಮರಳಿ ಬರುವುದಿಲ್ಲ. ನಾನು ಪರದೆ ತೆಗೆಯಲು ಒಪ್ಪುವುದಿಲ್ಲ.

ಉದ್ಯಾನ ನಿರಪಾಯವೆಂದು ತಿಳಿಯಬೇಡಿ. 2024ರಲ್ಲಿ ಶಿಲ್ಪಿ ಆಂಟನಿ ಗಾರ್ಮ್ಲಿ ಹೌಟನ್ನಿನ ಸುಮಾರು 300 ಎಕರೆಯಲ್ಲಿ 100 ಎರಕದ ಕಬ್ಬಿಣದ ಮನುಷ್ಯಾಕೃತಿಗಳನ್ನು ನಿಲ್ಲಿಸಿದರು. ಒಂದೊಂದು 600 ಕಿಲೋಗೂ ಹೆಚ್ಚು. ಎಲ್ಲವೂ ಒಂದೇ ಸಮತಲದಲ್ಲಿರಬೇಕೆಂದು, ನೆಲ ಏರಿದಲ್ಲಿ ಕೆಲವನ್ನು ಕುತ್ತಿಗೆಯವರೆಗೆ ಹೂಳಿದರು, ಇಳಿದಲ್ಲಿ ಕಂಬದ ಮೇಲೆ ಎತ್ತಿದರು. ಹೂಳುವುದೆಂದರೆ ಅಗೆಯುವುದು. ಹಳೆಯ ಮರದ ಬುಡದಲ್ಲಿ ನೀರು ಹೀರುವ ಸಣ್ಣ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ, ಕೊಂಬೆಯ ನೆರಳು ದಾಟಿಯೂ ಹೋಗಿರುತ್ತವೆ. ಗುದ್ದಲಿ ಬಿದ್ದ ವರ್ಷ ಮರ ಏನೂ ಹೇಳುವುದಿಲ್ಲ. ಎಷ್ಟೋ ವರ್ಷಗಳ ಮೇಲೆ ತುದಿಯಿಂದ ಒಣಗುತ್ತಾ ಬರುತ್ತದೆ. ಅದಕ್ಕೇ ಇಂಥ ಕೆಲಸಗಳಲ್ಲಿ ಎಂಜಿನಿಯರ್‌ಗಿಂತ ಮೊದಲು ಮರಗಳನ್ನು ಬಲ್ಲವರನ್ನು ಕರೆಯಿರಿ ಎನ್ನುತ್ತೇನೆ.

ಆ ಉದ್ಯಾನವೂ ತಾನಾಗಿ ಬೆಳೆದದ್ದಲ್ಲ. ಅಲ್ಲಿ ಒಂದು ಹಳ್ಳಿ ಇತ್ತು. ನೋಟಕ್ಕೆ ಅಡ್ಡವೆಂದು ವಾಲ್ಪೋಲ್ ಅದನ್ನು ಕೆಡವಿಸಿ, ಜನರಿಗೆ ಗೇಟಿನ ಹೊರಗೆ 1729ರ ಹೊತ್ತಿಗೆ ಹೊಸ ಊರು ಕಟ್ಟಿಸಿದ. ಸಂತ ಮಾರ್ಟಿನ್ ಚರ್ಚೊಂದೇ ಹುಲ್ಲಿನ ನಡುವೆ ಉಳಿದಿದೆ. ಅಂಥ ನೆಲದಲ್ಲಿ ಪ್ರಕೃತಿಯ ಮಾತಾಡುವ ಪ್ರದರ್ಶನ ಆ ಹಳ್ಳಿಯನ್ನು ಒಂದು ಸಾಲಿನಲ್ಲಾದರೂ ನೆನೆಯಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಈಗ ನಾನು ಕೃತಿಯ ಪೆಟ್ಟಿಗೆ ಬಿಚ್ಚುವ ಮೊದಲು ಕಲಾವಿದರ ಜೊತೆ ಕೂತು ಬರೆದಿಟ್ಟುಕೊಳ್ಳುತ್ತೇನೆ. ಉಣ್ಣೆ ಎಲ್ಲಿಯದು? ಕಡ್ಡಿ ಕಡಿದು ಎಷ್ಟು ದಿನವಾಯಿತು? ಎಲೆ ಉದುರಿದರೆ ಮತ್ತೆ ಸೇರಿಸಬೇಕೇ, ಗುಡಿಸಬೇಕೇ? ಹೊರಗಿಟ್ಟ ಕಲ್ಲಿನ ಮೇಲೆ ಕಲ್ಲುಹೂವು ಹಬ್ಬಿದರೆ ಉಜ್ಜಬೇಕೇ, ಬಿಡಬೇಕೇ? ಕೊನೆಯ ಪ್ರಶ್ನೆಗೆ ಬಹಳ ಮಂದಿ ಪೆನ್ನು ಕೆಳಗಿಟ್ಟು ಒಂದು ದಿನ ಸಮಯ ಕೇಳುತ್ತಾರೆ. ನಾನು ಕೊಡುತ್ತೇನೆ.